ಕುರಿ ಎಷ್ಟು ಎಂದು ಕೇಳಿದ ಕಚೇರಿ

ಐಸು ಕರಗಬಹುದಿತ್ತು. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದೆ ಲಸಿಕೆ ದಾರಿಯಲ್ಲೇ ಕೆಟ್ಟುಹೋಗಬಹುದಿತ್ತು. ಡಾಕ್ಟರ ಜೀಪು ಪಂಕ್ಚರ್ ಆಗಬಹುದಿತ್ತು. ಜೀಪಿಗೆ ಏನೂ ಆಗದಿದ್ದರೆ ಡಾಕ್ಟರಿಗೇ ಏನಾದರೂ ಆಗಬಹುದಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಅವಸರದಲ್ಲಿ ಬೆಳಗಿನ ತಿಂಡಿ ಬಿಡುತ್ತಾರೆ. ಮೊಬೈಲಿನ ನಕ್ಷೆ ಹರಪನಹಳ್ಳಿ ಬಳಿಯ ನಮ್ಮ ಅರಸೀಕೆರೆಯನ್ನು ಬಿಟ್ಟು ಹಾಸನ ಜಿಲ್ಲೆಯ ಅರಸೀಕೆರೆಗೆ ದಾರಿ ತೋರಿಸಬಹುದಿತ್ತು. ಡಾಕ್ಟರು ಹೋಗಬೇಕಾದದ್ದು ನೀಲಗುಂದಕ್ಕೆ, ಅವರಿಗೆ ಯಾವ ಅರಸೀಕೆರೆಯಲ್ಲೂ ಕೆಲಸವಿರಲಿಲ್ಲ, ಆದರೂ ಈ ಚಿಂತೆಯನ್ನು ನಾನು ಕೈಬಿಟ್ಟಿರಲಿಲ್ಲ.

ಇವು ರಸ್ತೆಯ ಚಿಂತೆಗಳು. ಮೊಬೈಲಿನ ಒಳಗಿನವು ಬೇರೆ. ನಾನು ಕಟ್ಟಿದ ವ್ಯವಸ್ಥೆ ಒಂದೇ ಮೆಸೇಜನ್ನು ನಿಲ್ಲಿಸದೆ ಕಳಿಸುತ್ತಲೇ ಇರಬಹುದಿತ್ತು, ಅಥವಾ ಒಂದನ್ನೂ ಕಳಿಸದೆ ಸುಮ್ಮನೆ ಕೂರಬಹುದಿತ್ತು. ಕಚೇರಿಯ ಗುಂಪಿಗೆ ಹೋಗಬೇಕಾದದ್ದು ನನ್ನ ಗಂಡನ ಮನೆಯವರ ಗುಂಪಿಗೆ ಹೋಗಬಹುದಿತ್ತು. 'ಮುಂಜಾನೆ ಎಲ್ಲವನ್ನೂ ರೊಪ್ಪದಲ್ಲಿ ಕೂಡಿಹಾಕಿ, ಸೂಜಿ ಹಾಕಲಾಗುವುದು' ಎಂದು ಓದಿಕೊಂಡ ನನ್ನ ನಾದಿನಿ, ಅದು ತನಗೇ ಅಂದ ಮಾತೆಂದು ತಿಳಿಯಬಹುದಿತ್ತು. ನಮ್ಮ ಅಧ್ಯಕ್ಷರು ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುವಾಗ ಹೆಬ್ಬೆರಳು ತಾಗಿ, ಇನ್ನೂ ಆಗದ ಕೆಲಸ 'ಆಯ್ತು' ಎಂಬ ಸಾಲಿಗೆ ಜಾರಿಬಿಡಬಹುದಿತ್ತು. ಕೊನೆಯದಾಗಿ, ನೀಲಗುಂದದ ಅಕ್ಕ ಮನಸ್ಸು ಬದಲಿಸಿ, ಲಸಿಕೆಗೆ ಕಾಯದೆ ಹಿಂಡು ಹೊಡೆದುಕೊಂಡು ಹೊರಟಿರಬಹುದಿತ್ತು. ನಿಜವಾದ ಚಿಂತೆ ಇದೊಂದೇ. ಉಳಿದವು ಅದರ ನೆಂಟರು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ತೀರ ಸಣ್ಣದು. ಇಷ್ಟೆಲ್ಲ ಚಿಂತೆ ಮಾಡಿಯೂ ಅದೊಂದು ನನಗೆ ಹೊಳೆದಿರಲಿಲ್ಲವಲ್ಲ ಎಂಬುದೇ ಸ್ವಲ್ಪ ಅವಮಾನದ ಸಂಗತಿ.

ನಾನು ಕೊಟ್ಟೂರಿನಲ್ಲಿ ಕುರಿಗಾರರ ಕಂಪನಿಯೊಂದರ ಕಚೇರಿ ನೋಡಿಕೊಳ್ಳುತ್ತೇನೆ. ಕಂಪನಿ ಎಂದರೆ ಗಾಜಿನ ಕಟ್ಟಡವಲ್ಲ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಕುರಿ ಸಾಕುವ ಮನೆಗಳೇ ಸೇರಿ ಕಟ್ಟಿಕೊಂಡದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿಗೆ ಒಬ್ಬೊಬ್ಬ ಕಾರ್ಯಕರ್ತ ಇದ್ದಾನೆ. ಹಿಂಡುಗಳಿಗೆ ಲಸಿಕೆ ಹಾಕಿಸುವುದು, ಮೇವು, ಉಣ್ಣೆ, ಮಾರಾಟ ಇವೆಲ್ಲ ಅವರ ಕೆಲಸ. ಅವರನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. 'ಕೂಡ್ಲಿಗಿ ಬಂದಾನೇನು?' 'ಇಲ್ಲರಿ, ಹಡಗಲಿ ಅದಾನ.' ಊರುಗಳೇ ಬೈಕಿನ ಮೇಲೆ ಬಂದು ಹೋಗುತ್ತವೆ. ನನ್ನನ್ನು ಎಲ್ಲರೂ ಅಕ್ಕಾರ ಎನ್ನುತ್ತಾರೆ. ಇವರಲ್ಲಿ ಕುರಿಯ ಮನೆಯಿಂದ ಬಾರದವಳು ನಾನೊಬ್ಬಳೇ. ನಮ್ಮ ತಂದೆಯದು ಕೊಟ್ಟೂರಿನಲ್ಲಿ ಕಾಳುಕಡಿಯ ಅಂಗಡಿ.

ನಮ್ಮ ಕಂಪನಿಯಲ್ಲಿ ಎರಡು ಆ್ಯಪ್ ಇದ್ದವು. ಒಂದು ಮಾತಿನದು. ಅದರಲ್ಲಿ ಕಾರ್ಯಕರ್ತರು, ಡಾಕ್ಟರು, ಅಧ್ಯಕ್ಷರು, ಸದಸ್ಯ ಮನೆಗಳವರು ಎಲ್ಲರೂ ಒಂದೇ ಗುಂಪಿನಲ್ಲಿದ್ದರು. ಇನ್ನೊಂದು ಕೆಲಸದ್ದು. ನಮಗೆ ಅನುದಾನ ಕೊಡುವ ಸಂಸ್ಥೆಯವರು ಅದನ್ನು ಹಾಕಿಕೊಳ್ಳಲೇಬೇಕೆಂದಿದ್ದರು. ಅದರಲ್ಲಿ ಮೂರು ಸಾಲು: ಮಾಡಬೇಕು, ನಡೆಯುತ್ತಿದೆ, ಆಯ್ತು. ಪ್ರತಿ ಕೆಲಸಕ್ಕೂ ಒಂದು ಕಾರ್ಡು, ಕೆಲಸ ಮುಂದುವರಿದಂತೆ ಕಾರ್ಡನ್ನು ಬೆರಳಿನಿಂದ ಆಚೆ ಸಾಲಿಗೆ ಸರಿಸಬೇಕು. ನೋಡಲು ಚೆಂದ. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಕಾರ್ಯಕರ್ತರು ಹೇಳುವುದನ್ನೆಲ್ಲ ಮಾತಿನ ಗುಂಪಿನಲ್ಲೇ ಹೇಳುತ್ತಿದ್ದರು, ಅದೂ ಗಾಳಿಯಲ್ಲಿ ಬೈಕು ಓಡಿಸುತ್ತ, ಧ್ವನಿಯಲ್ಲಿ. ನಾನು ಸಂಜೆ ಕೂತು ಆ ಗಾಳಿಯನ್ನೆಲ್ಲ ಕೇಳಿ, ಅದರೊಳಗಿನ ಕೆಲಸವನ್ನು ಹೆಕ್ಕಿ, ಕಾರ್ಡು ಬರೆಯುತ್ತಿದ್ದೆ.

ಹೋದ ವರ್ಷ ನೀಲಗುಂದದ ಅಕ್ಕನ ಹಿಂಡಿಗೆ ಲಸಿಕೆ ತಪ್ಪಿದ್ದು ಈ ಹಳೆಯ ವ್ಯವಸ್ಥೆಯಲ್ಲೇ. ಅವರ ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮೈದುನನನ್ನು ಜೊತೆಗಿಟ್ಟುಕೊಂಡು ಹಿಂಡನ್ನು ತಾವೇ ನಡೆಸುತ್ತಾರೆ. ಜೋಳ ಕಿತ್ತ ಮೇಲೆ ಹೊಳೆದಂಡೆಯ ಊರುಗಳ ಹೊಲಗಳಲ್ಲಿ ಕುರಿ ತರುಬಲು ಹೊರಡುತ್ತಾರೆ. ಒಂದು ಹೊಲದಲ್ಲಿ ಹಿಂಡು ನಿಲ್ಲಿಸಿ, ಗೊಬ್ಬರ ಬಿಡಿಸಿ, ಮುಂದಿನ ಹೊಲ. ಒಮ್ಮೆ ಹೊರಟ ಮೇಲೆ ಯಾವತ್ತು ಎಲ್ಲಿರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ, ಇನ್ನು ಐಸ್ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಹೊರಡುವ ಮೊದಲು ಲಸಿಕೆ ಬೇಕೆಂದು ಅವರು ಗುಂಪಿನಲ್ಲಿ ಹೇಳಿದ್ದರು. ಅದೇ ದಿನ ಕೂಡ್ಲಿಗಿಯ ಮಗಳ ಹುಟ್ಟುಹಬ್ಬ. ಅಕ್ಕನ ಮಾತಿನ ಮೇಲೆ ಶುಭಾಶಯ ಬಿತ್ತು, ಶುಭಾಶಯದ ಮೇಲೆ ಕೇಕು ಬಿತ್ತು, ಕೇಕಿನ ಮೇಲೆ ದೇವರ ಫೋಟೋಗಳು ಬಿದ್ದವು. ನಾವೆಲ್ಲ ಮಗುವನ್ನು ಹರಸಿ ಮುಗಿಸುವಷ್ಟರಲ್ಲಿ ಹಿಂಡು ಹೋಗಿಯಾಗಿತ್ತು. ದಾರಿಯಲ್ಲಿ ಬೇನೆ ಬಂತು. ಮರಿಗಳು ಉಳಿಯಲಿಲ್ಲ.

ಆಕೆ ನಮ್ಮನ್ನು ಬೈಯಲಿಲ್ಲ. ಈ ಸಲ ಜೋಳ ಕೀಳುವ ಕಾಲಕ್ಕೆ ಫೋನು ಮಾಡಿ, "ತಂಗೀ, ಹುಣ್ಣಿಮಿ ಮಾಡಿ ಹೊಂಡ್ತೀವಿ. ಅಷ್ಟರಾಗ ಮದ್ದು ಬಂದ್ರ ಹಾಕಸ್ತೀನಿ. ಇಲ್ಲಾಂದ್ರ ನಿಂದ್ರಂಗಿಲ್ಲ. ಹೊಲದವರಿಗೆ ಮಾತು ಕೊಟ್ಟೀನಿ" ಎಂದರು. ಬೈದಿದ್ದರೆ ನಾನು ಸ್ವಲ್ಪ ಮಲಗುತ್ತಿದ್ದೆ.

ಹೀಗೆ ನಾನು ಎರಡು ಆ್ಯಪುಗಳಿಗೂ ಗಂಟು ಹಾಕಲು ಹೊರಟೆ. ಇದಕ್ಕೆ ಕೋಡ್ ಬರೆಯುವುದು ಬೇಡ ಎಂದು ವಿಡಿಯೋದಲ್ಲಿ ಒಬ್ಬ ನಗುಮುಖದವನು ಹೇಳುತ್ತಿದ್ದ. ಪರದೆಯ ಮೇಲೆ ಚೌಕ ಹಾಕುವುದು, ಚೌಕದಿಂದ ಚೌಕಕ್ಕೆ ಗೆರೆ ಎಳೆಯುವುದು, ಅಷ್ಟೆ. ಇದು ಆದರೆ ಅದನ್ನು ಮಾಡು. ಗುಂಪಿನಲ್ಲಿ ಯಾರಾದರೂ 'ಲಸಿಕೆ' ಎಂದು ಬರೆದರೆ, ಯಂತ್ರ ತಾನೇ ಅವರಿಗೆ ಬೇರೆಯಾಗಿ ಮೆಸೇಜು ಹಾಕಿ, ಯಾವ ಊರು, ಯಾವ ದಿನ, ಎಷ್ಟು ಕುರಿ ಎಂದು ಕೇಳಬೇಕು. ಉತ್ತರ ಬಂದರೆ ಕೆಲಸದ ಆ್ಯಪಿನಲ್ಲಿ ಕಾರ್ಡು ಹುಟ್ಟಬೇಕು. ಕಾರ್ಡು ಹುಟ್ಟಿದರೆ ಗುಂಪಿನಲ್ಲಿ ಎಲ್ಲರಿಗೂ ತಿಳಿಯಬೇಕು. ಕೆಲಸ ಮುಗಿದು ಕಾರ್ಡು 'ಆಯ್ತು' ಸಾಲಿಗೆ ಸರಿದರೆ ಅದೂ ತಿಳಿಯಬೇಕು. ನಡುವೆ ಎಷ್ಟು ಹುಟ್ಟುಹಬ್ಬ ಬಂದರೂ ಕಾರ್ಡು ಅಲ್ಲೇ ಇರುತ್ತದೆ.

ನಗುಮುಖದವನು ಇದನ್ನು ಚಹಾ ಆರುವುದರೊಳಗೆ ಮಾಡಿ ತೋರಿಸಿದ. ನನಗೆ ಎರಡು ವಾರ ಹಿಡಿಯಿತು. ಒಂದು ಗೆರೆಯನ್ನು ಉಲ್ಟಾ ಎಳೆದು, ಮೆಸೇಜು ಬಂದರೆ ಕಾರ್ಡು, ಕಾರ್ಡು ಬಂದರೆ ಮೆಸೇಜು, ಆ ಮೆಸೇಜಿಗೆ ಮತ್ತೆ ಕಾರ್ಡು ಎಂದಾಗಿ, ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇಲ್ಲದ ಕುರಿಗಳಿಗೆ ಊರು ತುಂಬ ಲಸಿಕೆಯ ಕಾರ್ಡುಗಳಾಗಿದ್ದವು.

ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಗಂಡ ಹಿಂದೆ ನಿಂತು ನೋಡಿದರು.

"ಇದು ತಾನಾ ಕೆಲಸ ಮಾಡತೈತಿ ಅಂದ್ರ, ನೀ ಏನ್ ಮಾಡ್ತಿ?"

"ಇದು ಮಾಡ್ತೋ ಇಲ್ಲೋ ನೋಡ್ತೀನಿ."

"ಅದು ದೊಡ್ಡ ಕೆಲಸ ಬಿಡು" ಎಂದು ಹೋದರು.

ಯಂತ್ರಕ್ಕೆ ಗುಂಪಿನಲ್ಲಿ ಒಂದು ಹೆಸರು ಬೇಕೆಂದಿತು. 'ಕಚೇರಿ' ಎಂದು ಇಟ್ಟೆ. ಬಂದ ದಿನವೇ ಅದಕ್ಕೆ ಮರ್ಯಾದೆ ಶುರುವಾಯಿತು. ನಾನು ಏನಾದರೂ ಹೇಳಿದರೆ ಹೆಬ್ಬೆರಳು ತೋರಿಸುವ ಹಡಗಲಿ, ಕಚೇರಿ ಪರೀಕ್ಷೆಗೆಂದು 'ಯಾವ ಊರು?' ಎಂದು ಕೇಳಿದ್ದಕ್ಕೆ ಕೈಮುಗಿದ ಚಿತ್ರ ಹಾಕಿ, 'ಹೊಳಲು ಕಡೆಗ್ರಿ ಸರ' ಎಂದು ಬರೆದ. ಅದು ಮನುಷ್ಯ ಅಲ್ಲವೋ ಎಂದೆ. "ಇರ್ಲಿ ಬಿಡ್ರಿ ಅಕ್ಕಾರ, ಮರ್ಯಾದಿ ಕೊಟ್ರ ಏನು ಗಂಟು ಹೋಗತೈತಿ" ಎಂದ.

ಮೊದಲ ನಿಜವಾದ ಲಸಿಕೆ ಬಾಗಳಿಯ ಒಂದು ಹಿಂಡಿನದು. ಅಲ್ಲಿಗೆ ಹೋಗಿದ್ದವನು ಹರಪನಹಳ್ಳಿ. ಕಚೇರಿ ಕೇಳಿತು, ಅವನು ಉತ್ತರಿಸಿದ, ಕಾರ್ಡು ಹುಟ್ಟಿತು, ಗುಂಪಿನಲ್ಲಿ ಮೆಸೇಜು ಬಿತ್ತು. ಬಾಗಳಿ, ಶುಕ್ರವಾರ, ಇಷ್ಟು ಕುರಿ. ನಾನು ಕುರ್ಚಿಗೆ ಒರಗಿ ಕೂತೆ. ನಾನು ಒರಗಿ ಕೂರುವುದು ಅಪರೂಪ, ಬೆನ್ನಿಗೆ ಅಭ್ಯಾಸವಿಲ್ಲ.

ಗುಂಪು ಸುಮ್ಮನಾಯಿತು. ಬೆಳಗಿನಿಂದ ಒಂದಲ್ಲ ಒಂದು ಹಾಕುತ್ತಿದ್ದವರೆಲ್ಲ ನಿಂತರು. ಸ್ವಲ್ಪ ಹೊತ್ತಿಗೆ ಒಬ್ಬರು ಗುಂಪು ಬಿಟ್ಟರು. ಆಮೇಲೆ ಇನ್ನೊಬ್ಬರು. ಬಾಗಳಿಯ ಹಿಂಡಿನ ಯಜಮಾನರಿಂದ ಫೋನು ಬಂತು.

"ಅಕ್ಕಾರ, ನಮ್ಮ ಕುರಿ ಎಣಿಸಿ ಊರಿಗೆಲ್ಲ ಹೇಳೀರಂತ."

"ನಾನು ಹೇಳಿಲ್ಲರಿ."

"ಮತ್ತ್ಯಾರು?"

"ಕಚೇರಿ."

"ಕಚೇರ್ಯಾಗ ನೀವೊಬ್ರೇ ಅಲ್ಲೇನ್ರಿ ಕುಂದ್ರೋದು?"

ಮುಂಜಾನೆಯಿಂದ ಒಂದು ಕುರಿ ಕುಂಟುತ್ತಿದೆ ಎಂದೂ ಅವರು ಹೇಳಿದರು. ಮೆಸೇಜು ಬಿದ್ದದ್ದು ಮಧ್ಯಾಹ್ನ ಎಂಬುದನ್ನು ನಾನು ಎತ್ತಲಿಲ್ಲ.

ಮರುದಿನ ಹರಪನಹಳ್ಳಿ ಮೆಟ್ಟಿಲು ಹತ್ತಿ ಬಂದು, ಹೆಲ್ಮೆಟ್ಟನ್ನು ಮೇಜಿನ ಮೇಲೆ ಇಟ್ಟ. "ಅಕ್ಕಾರ, ಆ ಕಚೇರಿ ನನ್ನ ಬ್ಯಾರೆ ಕರದು ಕೇಳಿತ್ರಿ. ಒಬ್ಬನ್ನ ಕರದು ಕೇಳಿದ್ರ, ಒಬ್ರಿಗೆ ಹೇಳಿದಂಗ ಅಂತ ತಿಳಕಂಡೆ. ನಾ ಕಿವ್ಯಾಗ ಹೇಳಿದ್ನಿ, ಅದು ಡಂಗುರ ಹೊಡೀತು."

"ಎಷ್ಟು ಕುರಿ ಅಂತ ಹೇಳಿದ್ರ ತಪ್ಪೇನಪಾ?"

ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮನೆಗೆ ಬಂದ ಸೊಸೆ ಹೊಸ್ತಿಲ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುವುದನ್ನು ಕಂಡಂತೆ.

ಕುರಿಯ ಮನೆಗಳಲ್ಲಿ ಹಿಂಡಿನ ಲೆಕ್ಕವನ್ನು ನಾಲ್ಕು ಜನರ ಮುಂದೆ ಹೇಳುವುದಿಲ್ಲ. ಯಾರಾದರೂ ಕೇಳಿದರೆ 'ಅದಾವು, ಒಂದೀಟು' ಎನ್ನುತ್ತಾರೆ. ಹಿಂಡು ರಸ್ತೆ ತುಂಬಿ, ಬಸ್ಸು ನಿಂತು, ಕಂಡಕ್ಟರ್ ಇಳಿದು ಬೈಯುತ್ತಿದ್ದರೂ ಒಂದೀಟೇ. ಹೇಳಿದರೆ ದೃಷ್ಟಿ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಕಿವಿಗೆ ಬಿದ್ದಿತ್ತು. ಆದರೆ ಪರದೆಯ ಮೇಲಿನ ಚೌಕಕ್ಕೂ ದೃಷ್ಟಿಗೂ ಸಂಬಂಧವಿರಬಹುದೆಂದು ನಗುಮುಖದವನು ಎಲ್ಲೂ ಹೇಳಿರಲಿಲ್ಲ.

ಹಿಂದೆ ಡಾಕ್ಟರಿಗೆ ಹೇಗೆ ತಿಳಿಯುತ್ತಿತ್ತು ಎಂದು ವಿಚಾರಿಸಿದೆ. 'ಹೋದ ಸಲದಂಗ, ಒಂಚೂರು ಮ್ಯಾಲ' ಎಂದು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದರಂತೆ. ಡಾಕ್ಟರು ಅಂದಾಜಿನ ಮೇಲೆ ಹೆಚ್ಚು ಒಯ್ಯುತ್ತಿದ್ದರು, ಮುಚ್ಚಳ ತೆರೆದ ಲಸಿಕೆ ಅಂದೇ ಮುಗಿಯದಿದ್ದರೆ ಚೆಲ್ಲುತ್ತಿದ್ದರು.

ಮುಂದಿನ ವಾರದಿಂದ ಕಾರ್ಡುಗಳು ತಪ್ಪದೆ ಬಂದವು. ಊರು ಸರಿಯಿತ್ತು, ದಿನ ಸರಿಯಿತ್ತು. ಎಷ್ಟು ಕುರಿ ಎಂಬಲ್ಲಿ, ಐದು ತಾಲ್ಲೂಕಿನಿಂದಲೂ, ಒಂದು. ಆ ಜಾಗ ಖಾಲಿ ಬಿಟ್ಟರೆ ಕಚೇರಿ ಮುಂದಕ್ಕೆ ಬಿಡುತ್ತಿರಲಿಲ್ಲ, ಹಾಗಾಗಿ ಏನೋ ಒಂದು ಹಾಕಬೇಕಲ್ಲ ಎಂದು, ಒಂದು. ಅವರು ಮಾತಾಡಿಕೊಂಡು ಹಾಕಿದ್ದಲ್ಲ. ಐವರಿಗೂ ಬೇರೆ ಬೇರೆಯಾಗಿ ಅದೇ ಹೊಳೆದಿತ್ತು.

ಡಾಕ್ಟರು ಫೋನು ಮಾಡಿದರು. ಸರ್ಕಾರಿ ನೌಕರಿ ಮುಗಿಸಿ ನಿವೃತ್ತಿಯಾದ ಮೇಲೆ ನಮ್ಮ ಕಂಪನಿಗೆ ಬಂದವರು, ಮಾತು ನಿಧಾನ.

"ಏನಮ್ಮಾ, ಹಡಗಲೀಲಿ ಒಂದು ಕುರಿ ಐತಂತೆ?"

"ಹಂಗ ಬರದಾರ್ರಿ."

"ಒಂದು ಕುರಿಗೆ ಜೀಪು ತಗೊಂಡು ಹೋಗ್ಲೋ, ಇಲ್ಲ ಅದನ್ನೇ ಬಸ್ಸಿಗೆ ಹತ್ತಿಸ್ತಾರೋ ಕೇಳಮ್ಮ."

ಅನುದಾನದ ಸಂಸ್ಥೆಯಿಂದಲೂ ಒಬ್ಬ ಹುಡುಗಿ ಫೋನು ಮಾಡಿದಳು. ಅವಳ ಪರದೆಯಲ್ಲಿ ನಮ್ಮ ಐದು ತಾಲ್ಲೂಕಿನ ಕುರಿಗಳೆಲ್ಲ ಸೇರಿ ಒಂದು ಕೈಯ ಬೆರಳುಗಳಲ್ಲಿ ಮುಗಿಯುತ್ತಿದ್ದವು. "ಮೇಡಂ, ನಿಮ್ಮ ಕಡೆ ಏನಾದರೂ ಅನಾಹುತ ಆಗಿದೆಯಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಇಲ್ಲ, ಎಲ್ಲ ಚೆನ್ನಾಗಿವೆ ಎಂದೆ. ಅವಳು ಇನ್ನಷ್ಟು ಗಾಬರಿಯಾದಳು.

ಇವನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ನೀಲಗುಂದದಿಂದ ಬಂತು. ಬಾಗಳಿಯ ಸುದ್ದಿ ಅಕ್ಕನಿಗೆ ಮುಟ್ಟಿತ್ತು.

"ತಂಗೀ, ನಿಮ್ಮ ಕಚೇರಿಗೆ ನಾ ಏನೂ ಹೇಳಂಗಿಲ್ಲ. ಹೋದ ವರ್ಷ ಹೋದ ಮರಿ ಸಾಕು. ಈ ವರ್ಷ ಕಣ್ಣು ಹಾಕಿಸಿಕೊಂಡು ಹೋಗಂಗಿಲ್ಲ."

"ಹೇಳದಿದ್ರ ಮದ್ದು ಎಷ್ಟು ತರಬೇಕಂತ ಡಾಕ್ಟರಿಗೆ ಹೆಂಗ ಗೊತ್ತಾಗಬೇಕು ಅಕ್ಕಾ?"

"ಗೊತ್ತಾಗದಿದ್ರ ಬಿಡ್ರಿ. ಹುಣ್ಣಿಮಿ ಮಾಡಿ ನಾವು ಹೊಂಟ್ವಿ."

ಅವರ ಹಿಂಡು ಮತ್ತೆ ಲಸಿಕೆಯಿಲ್ಲದೆ ಹೊರಡುವುದು ತಪ್ಪಲಿ ಎಂದು ನಾನು ಕಟ್ಟಿದ ಯಂತ್ರ, ಆ ಹಿಂಡು ಲಸಿಕೆಯಿಲ್ಲದೆ ಹೊರಡುವುದಕ್ಕೆ ಈಗ ಸರಿಯಾದ ಕಾರಣ ಒದಗಿಸಿತ್ತು. ನಡುವೆ ನಾನು ಬೇರೇನೂ ಮಾಡಿರಲಿಲ್ಲ, ಗೆರೆ ಮಾತ್ರ ಎಳೆದಿದ್ದೆ.

ಕಾರ್ಯಕರ್ತರನ್ನೂ ಡಾಕ್ಟರನ್ನೂ ಕರೆದೆ. ಚಾಪೆಯ ಮೇಲೆ ಎಲ್ಲರೂ ಕೂತರು. ಲೆಕ್ಕವಿಲ್ಲದೆ ಲೋಕ ನಡೆಯುವುದಿಲ್ಲ ಎಂಬ ಅರ್ಥದಲ್ಲಿ ನಾನು ಸ್ವಲ್ಪ ಹೊತ್ತು ಮಾತಾಡಿದೆ. ಅವರು ಫ್ಯಾನು ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ.

"ಲೆಕ್ಕನೇ ಇಲ್ಲಾಂದ್ರ, ಸಂಜೀಕ ಒಂದು ಕುರಿ ಕಡಿಮಿ ಆದ್ರ ಹೆಂಗ ಗೊತ್ತಾಗತೈತಿ?" ಎಂದೆ.

ಕೂಡ್ಲಿಗಿ ಬಾಯಿ ತೆರೆದ. ಅವನಿಗೆ ಬಾಯಿ ಜಾಸ್ತಿ. "ಮಕ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ? ನಿಮ್ಮ ಮನಿಯಾಗ ಎಲ್ಲಾರೂ ಉಣ್ಣಾಕ ಬಂದಾರೋ ಇಲ್ಲೋ ಅಂತ ನೀವು ತಲಿ ಎಣಿಸ್ತೀರೇನು?"

"ಅದು ಬ್ಯಾರೆ."

"ಬ್ಯಾರೆ ಬಿಡ್ರಿ. ನಿಮ್ಮಪ್ಪಾರ ಅಂಗಡ್ಯಾಗ ಜ್ವಾಳ ಅಳಿವಾಗ ಮೊದಲನೇ ಸೇರಿಗೆ ಏನಂತಿದ್ರು? ಒಂದು ಅಂತಿದ್ರೇನು?"

ಹಡಗಲಿ ನಗುವುದಕ್ಕೆ ತಯಾರಾಗಿ ಕೂತ. ನಮ್ಮ ತಂದೆ ಒಂದು ಎನ್ನುತ್ತಿರಲಿಲ್ಲ. ಅಂಗಡಿಯ ಯಾರೂ ಎನ್ನುವುದಿಲ್ಲ. ಮೊದಲ ಸೇರು ಸುರಿಯುವಾಗ 'ಲಾಭ' ಎನ್ನುತ್ತಾರೆ, ಆಮೇಲೆ ಎರಡು, ಮೂರು. ನಾನೂ ಇವತ್ತಿಗೂ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಹಾಕುವಾಗ ಮೊದಲ ಪಾವಿಗೆ ಲಾಭ ಎಂದೇ ಹಾಕುತ್ತೇನೆ. ಯಾರಿಗೆ ಲಾಭ ಎಂದು ಕೇಳಿದರೆ ಹೇಳಲಾರೆ.

"ಲಾಭ ಅಂತಿದ್ರು" ಎಂದೆ.

"ಹಂಗಾದ್ರ ನಿಮ್ಮ ಕಚೇರಿಗೂ ಕಲಸ್ರಿ. ಒಂದು ಬದ್ಲಿ ಲಾಭ ಅಂತ ಹಾಕ್ತೀವಿ."

ಚಾಪೆಯ ಮೇಲೆ ನಗು ಒಂದು ಸುತ್ತು ಹೋಗಿ ಬಂತು. ಡಾಕ್ಟರು ನಗಲಿಲ್ಲ, ಅವರಿಗೆ ಊಟದ ಹೊತ್ತಾಗಿತ್ತು.

"ಅಲ್ಲಮ್ಮಾ, ನಂಗೆ ಕುರಿ ಲೆಕ್ಕ ಕಟ್ಟಿಕೊಂಡು ಏನಾಗಬೇಕು? ಕುರಿ ನಾನೇನು ಹೊತ್ಕೊಂಡು ಹೋಗ್ತೀನಾ? ಹೊತ್ಕೊಂಡು ಹೋಗೋದು ಸೀಸೆ. ಎಷ್ಟು ಸೀಸೆ ಅಂತ ಕೇಳು, ಸಾಕು."

ಲಸಿಕೆಯ ಒಂದು ಸೀಸೆ ನೂರು ಕುರಿಗೆ ಆಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಆ ಗೋಡೆಗಳ ನಡುವೆ ಇದನ್ನು ತಿಳಿಯದೆ ಇದ್ದದ್ದು ಕಚೇರಿ ಮಾತ್ರ, ಅದಕ್ಕೂ ಕಲಿಸಬೇಕಾದವಳು ನಾನು.

ನಾನು ಐವರ ಮುಖ ನೋಡಿದೆ. "ಸೀಸಿ ಎಷ್ಟು ಅಂತ ಹೇಳಿದ್ರ ದೃಷ್ಟಿ ಆಗತೈತೇನ್ರಪಾ?"

ಹರಪನಹಳ್ಳಿ ಗಂಭೀರವಾಗಿ ಯೋಚಿಸಿದ. "ಸೀಸಿಗೆ ಯಾರು ದೃಷ್ಟಿ ಹಾಕ್ತಾರ್ರಿ?"

ಚೌಕ ತೆರೆದು 'ಎಷ್ಟು ಕುರಿ' ಅಳಿಸಿ 'ಎಷ್ಟು ಸೀಸೆ' ಎಂದು ಬರೆದೆ. ಸೀಸೆಯನ್ನು ನೂರರಿಂದ ಗುಣಿಸುವ ಇನ್ನೊಂದು ಚೌಕವನ್ನು ಅನುದಾನದ ಹುಡುಗಿಗೆ ಮಾತ್ರ ಕಾಣುವ ಕಡೆ ಇಟ್ಟೆ. ಇಷ್ಟಕ್ಕೆ ಎರಡು ವಾರ ಹಿಡಿಯಲಿಲ್ಲ. ನಗುಮುಖದವನು ಹೇಳಿದ್ದ ಸಮಯಕ್ಕೇ ಮುಗಿಯಿತು, ಮೊದಲ ಸಲ.

ನೀಲಗುಂದಕ್ಕೆ ನಾನೇ ಫೋನು ಮಾಡಿದೆ.

"ಅಕ್ಕಾ, ಕುರಿ ಮಾತು ಬ್ಯಾಡ. ಸೀಸಿ ಎಷ್ಟು ಬೇಕಾಗ್ತಾವು?"

"ಸೀಸಿ ಏನು? ನಾಕು ಬೇಕಾಗ್ತಾವು. ಐದು ತಂದ್ರ ಒಂದು ಸುಮ್ನ ಉಳಿತೈತಿ, ಮೂರು ತಂದ್ರ ಬಡದಾಟ." ಒಂದು ಉಸಿರಿನಲ್ಲಿ ಹೇಳಿದರು. "ಇದನ್ನ ಮೊದಲ ಕೇಳಬಾರದಾಗಿತ್ತೇನು ಯವ್ವಾ?"

ಹರಪನಹಳ್ಳಿ ಗುಂಪಿನಲ್ಲಿ 'ಲಸಿಕೆ' ಎಂದು ಬರೆದ. ಕಚೇರಿ ಕೇಳಿತು. ನೀಲಗುಂದ, ಹುಣ್ಣಿಮೆಯ ಮುಂಜಾನೆ, ನಾಲ್ಕು ಸೀಸೆ. ಕಾರ್ಡು ಹುಟ್ಟಿತು, ಗುಂಪಿನಲ್ಲಿ ಮೆಸೇಜು ಬಿತ್ತು, ಯಾರೂ ಗುಂಪು ಬಿಡಲಿಲ್ಲ. ಹಡಗಲಿ 'ಆತ್ರಿ ಸರ' ಎಂದ. ಅವನಿಗೂ ಆ ಕೆಲಸಕ್ಕೂ ಸಂಬಂಧವಿರಲಿಲ್ಲ.

ಮೆಸೇಜು ಬಂತೇ ಎಂದು ನಾನು ಡಾಕ್ಟರಿಗೆ ಫೋನು ಮಾಡಿದೆ. ಬಂದಿದೆ ಎಂದರು. ಹರಪನಹಳ್ಳಿಗೆ ಮಾಡಿದೆ. ಅಧ್ಯಕ್ಷರಿಗೆ ಮಾಡಿದೆ. ಮತ್ತೆ ಡಾಕ್ಟರಿಗೆ ಮಾಡಿ, ಬಂದ ಮೆಸೇಜಿನಲ್ಲಿ ಏನಿದೆ ಎಂದು ಓದಿಸಿದೆ. ಫೋನು ಮಾಡುವ ಕೆಲಸ ತಪ್ಪಲಿ ಎಂದು ಮಾಡಿದ ವ್ಯವಸ್ಥೆ ಅದು. ಆ ವಾರ ನಾನು ಎಂದೂ ಮಾಡದಷ್ಟು ಫೋನು ಮಾಡಿದೆ.

ಅದೂ ಸಾಲದೆ ಹುಣ್ಣಿಮೆಯ ದಿನ ನಾನೇ ಹೊರಟೆ. ನಸುಕಿನ ಬಸ್ಸಿಗೆ ಹರಪನಹಳ್ಳಿ, ಅಲ್ಲಿಂದ ನಮ್ಮ ಕಾರ್ಯಕರ್ತ ಹರಪನಹಳ್ಳಿಯ ಬೈಕಿನ ಹಿಂದೆ ನೀಲಗುಂದ. ದಾರಿಯುದ್ದಕ್ಕೂ, ಮೊದಲು ಹೇಳಿದೆನಲ್ಲ, ಆ ಚಿಂತೆಗಳನ್ನೆಲ್ಲ ಒಂದೊಂದಾಗಿ ಮುಗಿಸಿಕೊಂಡು ಹೋದೆ. ಭೀಮೇಶ್ವರನ ಗುಡಿ ದಾಟಿ ಹೊಲದ ದಾರಿಗೆ ಇಳಿದಾಗ ಹಿಂಡು ಕಂಡಿತು. ಮುಳ್ಳಿನ ಬೇಲಿ ಸುತ್ತಿದ ರೊಪ್ಪದೊಳಗೆ ಎಲ್ಲ ಒತ್ತಾಗಿ ನಿಂತಿದ್ದವು. ಹೊರಟಿರಲಿಲ್ಲ. ಆ ಕ್ಷಣ ನನಗಾದ ಸಮಾಧಾನ ಬಹಳ ಹೊತ್ತು ಉಳಿಯಿತು, ಬೈಕು ನಿಲ್ಲುವ ತನಕ.

ಡಾಕ್ಟರು ನಮಗಿಂತ ಮುಂಚೆ ಬಂದು, ತಿಂಡಿಯನ್ನೂ ತಿಂದು, ಸೂಜಿ ಜೋಡಿಸುತ್ತಿದ್ದರು. ಐಸು ಐಸಾಗಿಯೇ ಇತ್ತು. ಅಧ್ಯಕ್ಷರು ಜೀಪಿನಲ್ಲೇ ಬಂದಿದ್ದರು, ಮೊಬೈಲು ಜೇಬಿನಲ್ಲಿತ್ತು, ಕಾರ್ಡು ಅದರ ಜಾಗದಲ್ಲಿತ್ತು. ಸ್ವಲ್ಪ ಹೊತ್ತಿಗೆ ಕೆಲಸ ಶುರುವಾಯಿತು. ಅಕ್ಕ ರೊಪ್ಪದ ಬಾಯಲ್ಲಿ ನಿಂತು ಒಂದೊಂದೇ ಕುರಿಯನ್ನು ಹಿಡಿದು ಕೊಡುತ್ತಿದ್ದರು. ಮೈದುನ ಸೂಜಿಯಾದದ್ದರ ಬೆನ್ನಿಗೆ ಬಣ್ಣ ಬಳಿದು ಆಚೆ ಬದಿಗೆ ಬಿಡುತ್ತಿದ್ದ.

"ಏನವ್ವ, ಕಚೇರಿನೇ ಎದ್ದು ಬಂದಂಗೈತಲ್ಲ?" ಎಂದರು ಅಕ್ಕ.

"ಸುಮ್ನ ನೋಡಿ ಹೋಗೋಣಂತ ಬಂದ್ನಿ."

"ಸುಮ್ನ ನೋಡು ಮತ್ತ. ಬಾಯಾಗ ಎಣಿಸಬ್ಯಾಡ."

ನಾನು ಎಣಿಸಲಿಲ್ಲ. ಆದರೆ ಸೀಸೆ ನೋಡುತ್ತಿದ್ದೆ. ಮೊದಲನೆಯದು ಮುಗಿದಾಗ ರೊಪ್ಪದಲ್ಲಿ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಎರಡನೆಯದು ಮುಗಿದಾಗಲೂ ಅಷ್ಟೆ. ನಾಲ್ಕು ಸಾಲುವುದಿಲ್ಲ, ಆಕೆ ಬೇಕೆಂದೇ ಕಡಿಮೆ ಹೇಳಿದ್ದಾರೆ, ದೃಷ್ಟಿಗೆ ಹೆದರಿ ಸೀಸೆಯಲ್ಲೂ ಒಂದನ್ನು ಮುಚ್ಚಿಟ್ಟಿದ್ದಾರೆ, ಕೊನೆಯ ನೂರು ಹಾಗೇ ಉಳಿಯುತ್ತವೆ, ಹೊಳೆದಂಡೆಯಲ್ಲಿ ಆ ನೂರಕ್ಕೇ ಬೇನೆ ಬರುತ್ತದೆ. ಮೂರನೆಯ ಸೀಸೆಯ ಮುಚ್ಚಳ ತೆರೆಯುವಷ್ಟರಲ್ಲಿ ನಾನು ಚಿಂತೆಯಲ್ಲಿ ಇಷ್ಟು ದೂರ ಬಂದಿದ್ದೆ.

"ಅಕ್ಕಾ, ನಾಕು ಸಾಕಾಗ್ತಾವಲ್ಲ?"

"ಸಾಕಾಗ್ತಾವು."

"ಖರೇನಾ?"

"ನೀ ಅಲ್ಲಿ ಒಲಿ ಕಡೆ ಹೋಗಿ ಕುಂದ್ರು. ನಿನ್ನ ನೋಡಿದ್ರ ಕುರಿ ಅಂಜತಾವು."

ಒಲೆಯ ಹತ್ತಿರ ಹೋಗಿ ಕೂತೆ. 'ಒಲೆ' ಎಂದರೆ ಮೂರು ಕಲ್ಲು. ಮೇಲೆ ಒಂದು ಬೋಗುಣಿಯಲ್ಲಿ ಮೇಕೆ ಹಾಲಿನ ಚಹಾ ಕುದಿಯುತ್ತಿತ್ತು. ಎಲ್ಲರಿಗೂ ಒಟ್ಟಿಗೆ, ಕೆಲಸ ಮುಗಿದ ಮೇಲೆ ಎಂದು ಅಕ್ಕ ಇಟ್ಟಿದ್ದರು. ಅಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಕೊನೆಯ ಮೆಸೇಜು ಯಾರಿಗಾದರೂ ತಪ್ಪಿಬಿಟ್ಟೀತು ಎಂದು, ಅಲ್ಲಿದ್ದವರ ಮೊಬೈಲುಗಳನ್ನೆಲ್ಲ ಇಸಿದುಕೊಂಡು, ಕಚೇರಿಯ ಮೆಸೇಜಿಗೆ ಮಾತ್ರ ಬೇರೆ ಸದ್ದು ಇಟ್ಟು, ಆ ಸದ್ದನ್ನು ಪೂರ್ತಿ ಏರಿಸಿ ಕೊಟ್ಟೆ. ಬೇರೇನೂ ಕೆಲಸವಿರಲಿಲ್ಲ. ಮೊಬೈಲಿನಲ್ಲಿದ್ದ ಸದ್ದುಗಳಲ್ಲಿ ದೂರಕ್ಕೆ ಕೇಳುವಂಥದ್ದು ಗಂಟೆ.

ನಾಲ್ಕನೆಯ ಸೀಸೆಯ ತಳದಲ್ಲಿ ಸ್ವಲ್ಪ ಇರುವಾಗಲೇ ಕೊನೆಯ ಕುರಿ ಆಚೆ ಬದಿಗೆ ಹೋಯಿತು. ಡಾಕ್ಟರು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಮುಗೀತಮ್ಮಾ" ಎಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹಿಂಡನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದರು. ಎಲ್ಲದರ ಬೆನ್ನ ಮೇಲೂ ಬಣ್ಣವಿತ್ತು. ಡಾಕ್ಟರ ಕಡೆ ತಿರುಗಿ ಕೈ ಮುಗಿದರು.

ಹರಪನಹಳ್ಳಿ ಮೊಬೈಲು ತೆಗೆದು, ಕಾರ್ಡನ್ನು ಬೆರಳಿನಿಂದ 'ಆಯ್ತು' ಸಾಲಿಗೆ ಸರಿಸಿದ.

ಎಲ್ಲವೂ ಸರಿಯಾಗಿ ನಡೆಯಿತು. ಕಾರ್ಡು ಸರಿಯಿತು, ಕಚೇರಿಗೆ ತಿಳಿಯಿತು, ಕಚೇರಿ ಗುಂಪಿಗೆ ಹೇಳಿತು. ಡಾಕ್ಟರ ಜೇಬಿನಲ್ಲಿ ಗಂಟೆ ಬಾರಿಸಿತು. ಅಧ್ಯಕ್ಷರ ಜೇಬಿನಲ್ಲಿ ಬಾರಿಸಿತು. ಅಕ್ಕನ ಸೊಂಟದಲ್ಲಿ, ಮೈದುನನ ಕೈಯಲ್ಲಿ, ನನ್ನ ಚೀಲದಲ್ಲಿ, ಹರಪನಹಳ್ಳಿಯ ಅಂಗೈಯಲ್ಲಿ, ಒಂದು ನಿಲ್ಲುವ ಮೊದಲು ಇನ್ನೊಂದು.

ಹಿಂಡಿನ ಮುಂದೆ ನಡೆಯುವ ಹೋತದ ಕೊರಳಲ್ಲಿ ಗಂಟೆ ಇರುತ್ತದೆ. ಅದು ಬಾರಿಸಿತೆಂದರೆ ಹೊರಟಿತು ಎಂದರ್ಥ. ಇದು ಕುರಿಗೆ ಗೊತ್ತು. ಅಂದು ಬೇಲಿಗೆ ಕಟ್ಟಿಹಾಕಿದ್ದ ಹೋತ ಸುಮ್ಮನೆ ಮೆಲುಕು ಹಾಕುತ್ತಿತ್ತು. ಆದರೂ ಗಂಟೆ ಬಾರಿಸಿತಲ್ಲ, ಅದೂ ಆರು ಕಡೆಯಿಂದ. ಹಿಂಡು ತಲೆ ಎತ್ತಿತು. ಗಂಟೆಯ ಸದ್ದು ಜೋರಾಗಿ ಬರುತ್ತಿದ್ದ ಕಡೆಗೆ, ಎಂದರೆ ನನ್ನ ಚೀಲದ ಕಡೆಗೆ, ನಡೆದು ಬಂತು. ಓಡಲಿಲ್ಲ, ಗಾಬರಿ ಇರಲಿಲ್ಲ. ದಿನಾ ಹೋಗುವ ಹಾಗೆ, ಒಂದರ ಹಿಂದೆ ಒಂದು, ಒಲೆಯ ಮೇಲೆ ಹಾದು ಹೋದವು.

ಮೈದುನ ಓಡಿಹೋಗಿ ಅವನ್ನು ಹೊಲದ ಬದುವಿನಲ್ಲಿ ತಿರುಗಿಸಿಕೊಂಡು ಬಂದ. ಒಂದಕ್ಕೂ ಏನೂ ಆಗಿರಲಿಲ್ಲ, ಒಂದೂ ತಪ್ಪಿರಲಿಲ್ಲ. ಅಕ್ಕ ಅವುಗಳ ಮುಖ ನೋಡಿ ಹೇಳಿದರು. ಆಮೇಲೆ ಬಂದು ಮಗುಚಿದ ಬೋಗುಣಿಯನ್ನು ಎತ್ತಿ, ಒಳಗೆ ನೋಡಿ, ಮತ್ತೆ ಕೆಳಗಿಟ್ಟರು.

"ಹಾಲೆಲ್ಲ ಇದಕ್ಕ ಹಾಕಿದ್ನಿ" ಎಂದರು.

"ತಪ್ಪಾತಕ್ಕಾ."

"ಮದ್ದು ಆತಲ್ಲ, ಬಿಡು. ಕರೀ ಚಾ ಕುಡೀತಿ?"

ಕುಡಿಯುತ್ತೇನೆ ಎಂದೆ. ಅವರು ಕಲ್ಲುಗಳನ್ನು ಮತ್ತೆ ಜೋಡಿಸಿ ನೀರಿಟ್ಟರು. ಹಾಲಿಲ್ಲದ ಚಹಾ ಕುಡಿದೆವು. ಸಕ್ಕರೆಯೂ ಸ್ವಲ್ಪ ಕಡಿಮೆಯಿತ್ತು, ಆದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.